ಕೂಗದೆ ಆಡಿದ ಚೌಕಾಬಾರ

ಅದು ತೊಂಬತ್ತೇಳನೆಯ ಇಸವಿಯೋ ತೊಂಬತ್ತೆಂಟೋ ನನಗೆ ಖಚಿತವಿಲ್ಲ. ಕೊಠಡಿಯ ಗೋಡೆ ನೀಲಿ ಎಂದು ನನ್ನ ನೆನಪು, ಹಸಿರು ಎಂದು ಗೆಳೆಯನ ನೆನಪು. ಅಲ್ಲಿ ಎರಡು ಕಂಪ್ಯೂಟರುಗಳಿದ್ದವು ಎಂಬುದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ. ಆ ಎರಡರಲ್ಲಿ ಒಂದನ್ನು ಕಳೆದುಕೊಳ್ಳದಿರಲು ನಾವು ಪಟ್ಟ ಪಾಡು ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೇನೆ. ಹಾಗೆಂದುಕೊಂಡ ಎಷ್ಟೋ ಸಂಗತಿಗಳು ಆಮೇಲೆ ಸುಳ್ಳಾಗಿದ್ದೂ ಉಂಟು.

ಪಾಂಡವಪುರದ ಪೇಟೆಯಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಮಹಡಿಯ ಮೇಲೆ ಗೆಳೆಯನ ಕಂಪ್ಯೂಟರ್ ಕ್ಲಾಸು. ಗೆಳೆಯ ಚಿನಕುರಳಿಯ ಒಕ್ಕಲು ಮನೆಯವನು. ಡಿಪ್ಲೊಮಾ ಮುಗಿಸಿ, ಕಬ್ಬಿನ ಗದ್ದೆಗೂ ಇಳಿಯದೆ ಕಾರ್ಖಾನೆಗೂ ಸೇರದೆ ಈ ಕ್ಲಾಸು ತೆರೆದಿದ್ದ. ನಾನು ಶ್ರೀರಂಗಪಟ್ಟಣದ ಮೇಷ್ಟ್ರ ಮಗ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮಾಡಿ, ಪುರಾವೆಯಿಲ್ಲದೆ ಯಾವುದನ್ನೂ ನಂಬಬಾರದು ಎಂಬುದೊಂದನ್ನು ಗಟ್ಟಿಯಾಗಿ ಕಲಿತು, ಕೆಲಸ ಸಿಗದೆ, ದಿನವೂ ಬಸ್ಸು ಹತ್ತಿ ಅವನ ಕೊಠಡಿಗೆ ಹೋಗಿ ಕೂರುತ್ತಿದ್ದೆ. ಅವನು ನನ್ನನ್ನು 'ಎಮ್ಮೆಸ್ಸಿ' ಎಂದೇ ಕರೆಯುತ್ತಿದ್ದ. ಅದು ಮರ್ಯಾದೆಯ ಮಾತಾಗಿರಲಿಲ್ಲ.

ಎರಡು ಕಂಪ್ಯೂಟರುಗಳನ್ನೂ ಕೊಡಿಸಿದ್ದವರು ಅವನ ಭಾವ, ಅಂದರೆ ಅಕ್ಕನ ಗಂಡ. ಅವರಿಗೆ ನಾಗಮಂಗಲದಲ್ಲಿ ಎಸ್‌ಟಿಡಿ ಬೂತು, ಪಕ್ಕದಲ್ಲೇ ಟೈಪಿಂಗ್ ಅಂಗಡಿ. ಒಂದು ದಿನ ಬಂದವರು ಖಾಲಿ ಬೆಂಚುಗಳನ್ನು ನೋಡಿ ಹೇಳಿದರು:

"ಎಲ್ಡು ಪೆಟ್ಗೆ ಇಕ್ಕಂಡು ಏನ್ಲಾ ಮಾಡೀಯೆ? ಬರೋ ನಾಕೈದು ಐಕ್ಳು ಒಂದರ ಮುಂದೇನೇ ನಿಂತ್ಕತಾವೆ. ಇನ್ನೊಂದ ನಮ್ಮ ಅಂಗ್ಡಿಗೆ ತಕ್ಕಂಡೋಯ್ತೀನಿ ಬುಡು."

"ಬ್ಯಾಡಿ ಬಾವ. ಎಲ್ಡೂ ಇದ್ರೇನೇ ಆಗೋ ಕೆಲ್ಸ ಒಂದದೆ," ಎಂದ ಗೆಳೆಯ.

"ಏನದು?"

"ಆಟ. ನೀವು ನಾಗಮಂಗಲ್ದಲ್ಲಿ ಕೂತ್ಕಂಡು, ನಾನು ಇಲ್ಲಿ ಕೂತ್ಕಂಡು, ಫೋನ್ ತಂತೀಲೇ ಚೌಕಾಬಾರ ಆಡ್ಬೋದು. ಅದ್ನೇ ಬರೀತಾ ಇದ್ದೀವಿ."

ಚೌಕಾಬಾರ ಎಂದೊಡನೆ ಭಾವನ ಮುಖ ಬದಲಾಯಿತು. ಅವರು ಆ ಆಟದ ಹುಚ್ಚರು. ಊಟಕ್ಕೆ ಕರೆದರೂ ಮಣೆಯಿಂದ ಏಳದವರು.

"ಕವಡೆ ಯಾರ್ಲಾ ಉದುರ್ಸದು?"

"ಪೆಟ್ಗೇನೇ ಉದುರುಸ್ತದೆ."

"ಅಂಗಾದ್ರೆ ಮೋಸ ಮಾಡದು ಎಂಗೆ?" ಎಂದು ಕೇಳಿ ತಾವೇ ನಕ್ಕರು. ಆಮೇಲೆ ಗಂಭೀರವಾಗಿ ಒಂದು ಕರಾರು ಹಾಕಿದರು. "ಗೌರಿ ಹಬ್ಬಕ್ಕೆ ನಿಮ್ಮಕ್ಕನ್ನ ಕರ್ಕಂಡು ಬತ್ತೀನಲ್ಲ, ಅವತ್ತು ಎಲ್ಡು ರೂಮಲ್ಲಿ ಎಲ್ಡು ಪೆಟ್ಗೆ ಇಕ್ಕು. ನಾನೂ ಅವ್ಳೂ ಒಂದಾಟ ಪೂರಾ ಆಡ್ತೀವಿ. ಕೆಡದಂಗೆ ಮುಗುದ್ರೆ ಪೆಟ್ಗೆ ನಿಂದೇ, ಇನ್ನು ಕೇಳದಿಲ್ಲ. ಕೆಟ್ರೆ, ಅವತ್ತೇ ಟೆಂಪೋಗೆ ಏರ್ಸದು."

ಅವರು ಹೋದ ಮೇಲೆ ಗೆಳೆಯ ನನ್ನ ಮುಖ ನೋಡಿದ. ಅವನು 'ಬರೀತಾ ಇದ್ದೀವಿ' ಎಂದದ್ದು ಪೂರ್ತಿ ಸುಳ್ಳಲ್ಲ. ಮಣೆಯ ಚಿತ್ರ ಬರೆದಾಗಿತ್ತು. ಉಳಿದದ್ದೆಲ್ಲ ಆಗಬೇಕಿತ್ತು.

ಚೌಕಾಬಾರ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಐದೈದರ ಇಪ್ಪತ್ತೈದು ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ಕಾಯಿ ನಡೆಸಬೇಕು. ನಾಲ್ಕೂ ಮೇಲಾಗಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು ಮನೆ. ಚೌಕವೋ ಬಾರವೋ ಬಿದ್ದವನಿಗೆ ಇನ್ನೊಮ್ಮೆ ಕವಡೆ ಹಾಕುವ ಹಕ್ಕು. ಎದುರಾಳಿಯ ಕಾಯಿ ಇರುವ ಮನೆಗೆ ಹೋಗಿ ಕೂತರೆ ಅದನ್ನು ಕಡಿದಂತೆ; ನಾಲ್ಕೂ ಕಾಯಿಗಳನ್ನು ಮೊದಲು ನಡುವಿನ ಒಳಮನೆಗೆ ಸೇರಿಸಿದವನು ಗೆದ್ದಂತೆ. ನಮ್ಮ ಕಡೆ ಚೌಕವೋ ಬಾರವೋ ಬಿದ್ದರೆ ಸುಮ್ಮನಿರುವವರನ್ನು ನಾನು ನೋಡಿಲ್ಲ. ಪಡಸಾಲೆಯಿಂದ ಬೀದಿಗೆ ಕೇಳುವಂತೆ 'ಚೌಕ!', 'ಬಾರ!' ಎಂದು ಕೂಗಬೇಕು. ಸಂತೋಷಕ್ಕಷ್ಟೇ ಅಲ್ಲ, ಕವಡೆಗೆ ಚಾಚಿದ ಎದುರಾಳಿಯ ಕೈ ಆ ಕೂಗು ಕೇಳಿ ಹಿಂದಕ್ಕೆ ಹೋಗಬೇಕು. ಹೋಗುತ್ತದೆ ಕೂಡ. ಐದಾರು ವರ್ಷಕ್ಕೇ ಕಲಿತ ಅಭ್ಯಾಸ ಅದು.

ಎರಡು ಕಂಪ್ಯೂಟರುಗಳನ್ನು ಬೆನ್ನಿಗೆ ಬೆನ್ನು ಇಟ್ಟು, ನಾವೇ ಬೆಸುಗೆ ಹಾಕಿದ ತಂತಿಯೊಂದರಿಂದ ಜೋಡಿಸಿದೆವು. ಇಲ್ಲಿ ಸ್ಪೇಸ್ ಕೀಲಿ ಒತ್ತಿದರೆ ಕವಡೆ ಬೀಳುವುದು, ಕಾಯಿ ಜರುಗುವುದು, ಆ ಸುದ್ದಿ ತಂತಿಯಲ್ಲಿ ಹೋಗಿ ಅಲ್ಲಿಯ ಪರದೆಯಲ್ಲೂ ಅದೇ ಕಾಯಿ ಜರುಗುವುದು. ಫೋನ್ ತಂತಿ ನಿಧಾನವೆಂದು ಕೇಳಿದ್ದೆವು. ಅದಕ್ಕೇ ಆದಷ್ಟು ಕಡಿಮೆ ಸುದ್ದಿ ಕಳಿಸಬೇಕೆಂದು, ಎದುರಾಳಿಯ ಕವಡೆ ಎಷ್ಟು ಬಿತ್ತು ಎಂಬುದನ್ನು ಈಚೆಯ ಪರದೆಯಲ್ಲಿ ತೋರಿಸುತ್ತಿರಲಿಲ್ಲ. ಅವನ ಕಾಯಿ ಮಾತ್ರ ಓಡುತ್ತಿತ್ತು. ನಮ್ಮ ಸರದಿ ಬಂದಾಗ ಮೂಲೆಯಲ್ಲಿ ಒಂದು ಹಳದಿ ಚೌಕ ಹೊತ್ತಿಕೊಳ್ಳುತ್ತಿತ್ತು. ಬೆನ್ನಿಗೆ ಬೆನ್ನು ಕೂತು ಒಂದು ಸಂಜೆ ಆಡಿದೆವು. ಆಟ ಕೊನೆಯವರೆಗೂ ಸರಿಯಾಗಿ ನಡೆಯಿತು. ಗೆಳೆಯ ಕೆಳಗೆ ಹೋಗಿ ಎರಡು ಬೋಂಡ ತಂದ.

ಮರುದಿನ ಬೆಳಿಗ್ಗೆ ಅದೇ ಆಟ ಕೆಟ್ಟಿತು. ಕೆಟ್ಟದ್ದು ಹೇಗೆಂದರೆ, ನನ್ನ ಪರದೆಯಲ್ಲಿ ನಾನು ಅವನ ಕಾಯಿಯನ್ನು ಕಡಿದಿದ್ದೆ, ಅವನ ಪರದೆಯಲ್ಲಿ ಅದೇ ಕಾಯಿ ಜೀವಂತವಾಗಿ ಒಳಮನೆಗೆ ಹೊರಟಿತ್ತು. ಎರಡು ಪೆಟ್ಟಿಗೆಗಳು ಎರಡು ಬೇರೆ ಬೇರೆ ಆಟಗಳನ್ನು ಆಡುತ್ತಿದ್ದವು. ಎರಡಕ್ಕೂ ತನ್ನದೇ ನಿಜ. ಸಂಜೆ ಮತ್ತೆ ಆಡಿದೆವು, ಸರಿಯಾಗಿತ್ತು. ಬೆಳಿಗ್ಗೆ ಕೆಟ್ಟಿತು. ಹೀಗೇ ಕೆಲವು ದಿನ ಕಳೆದ ಮೇಲೆ ನನಗೆ ಹೊಳೆಯಿತು: ತ್ರೀಫೇಸ್ ಕರೆಂಟು ಇರುವುದು ಬೆಳಗಿನ ಹೊತ್ತು. ಆಗ ಮಾತ್ರ ಕೆಳಗೆ ಗಿರಣಿ ಓಡುತ್ತದೆ. ಗಿರಣಿ ಓಡಿದಾಗ ಆಟ ಕೆಡುತ್ತದೆ, ನಿಂತಾಗ ಸರಿಯಿರುತ್ತದೆ.

ಇದಕ್ಕಿಂತ ಚೆನ್ನಾದ ಪುರಾವೆ ಯಾವ ಪ್ರಯೋಗಶಾಲೆಯಲ್ಲಿ ಸಿಕ್ಕೀತು? ಗಿರಣಿಯ ದೊಡ್ಡ ಮೋಟಾರು ನಮ್ಮ ತಂತಿಯೊಳಗೆ ಗದ್ದಲ ತುಂಬುತ್ತಿದೆ, ಸುದ್ದಿಗಳು ದಾರಿಯಲ್ಲಿ ಹಾಳಾಗುತ್ತಿವೆ ಎಂದು ತೀರ್ಪು ಕೊಟ್ಟೆ. ಸಿಗರೇಟು ಪ್ಯಾಕುಗಳ ಬೆಳ್ಳಿ ಕಾಗದ ಕೂಡಿಹಾಕಿ ತಂತಿಗೆ ಸುತ್ತಿದೆ. ಅರ್ತಿಂಗ್ ಆಗಲೆಂದು ಇನ್ನೊಂದು ತಂತಿ ಎಳೆದು ನಲ್ಲಿಯ ಪೈಪಿಗೆ ಕಟ್ಟಿದೆ. ಪ್ರತಿ ಸಲವೂ ದೋಷ ಸ್ವಲ್ಪ ಕಡಿಮೆಯಾದಂತೆ ನನಗೆ ಕಾಣುತ್ತಿತ್ತು. ಗೆಳೆಯನಿಗೆ ಕಾಣುತ್ತಿರಲಿಲ್ಲ.

"ತಪ್ಪು ಪ್ರೋಗ್ರಾಮಲ್ಲೇ ಅದೆ ಕಣ್ಲಾ."

"ಪ್ರೋಗ್ರಾಮಲ್ಲಿದ್ದರೆ ಸಂಜೆ ಯಾಕೋ ಸರಿಯಿರುತ್ತೆ? ಪ್ರೋಗ್ರಾಮಿಗೆ ಹೊತ್ತು ಗೊತ್ತಾ?"

ಅವನು ಪ್ರೋಗ್ರಾಮಿನ ಸಾಲುಗಳನ್ನು ಮತ್ತೆ ಮೊದಲಿನಿಂದ ಓದತೊಡಗಿದ. ಹಬ್ಬ ಹತ್ತಿರ ಬರುತ್ತಿತ್ತು. ನನ್ನ ವಾದವನ್ನು ಒಮ್ಮೆಲೇ ಸಾಬೀತು ಮಾಡಿಬಿಡೋಣವೆಂದು ಒಂದು ಬೆಳಿಗ್ಗೆ ಕೆಳಗಿಳಿದು, ಅರ್ಧ ಗಂಟೆ ಗಿರಣಿ ನಿಲ್ಲಿಸಿ ಎಂದು ಗಿರಣಿಯವರನ್ನು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ, ರಾಗಿಯ ಡಬ್ಬ ಸೊಂಟಕ್ಕಿಟ್ಟು ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಕೇಳಿದಳು:

"ಯಾಕಪ್ಪಾ ನಿಲ್ಲುಸ್ಬೇಕು?"

"ಮೇಲೆ ಒಂದು ಪರೀಕ್ಷೆ ನಡೀತಿದೆ."

"ಯಾರ್ಗೆ ಪರೀಕ್ಸೆ?"

"ಕಂಪ್ಯೂಟರಿಗೆ."

"ಏನ್ ಬರುಸ್ತಾ ಇದ್ದೀರಿ ಅದ್ರ ಕೈಲಿ?"

ಸುಳ್ಳು ಹೇಳಲು ತೋಚದೆ ಚೌಕಾಬಾರ ಎಂದುಬಿಟ್ಟೆ. ಇಡೀ ಸಾಲು ನಕ್ಕಿತು.

"ಗಂಡಸ್ರು ಅಟ್ಟದ್ ಮೇಲೆ ಕೂತು ಚೌಕಾಬಾರ ಆಡಾಕೆ ನಮ್ ರಾಗಿ ಕಾಯ್ಬೇಕಾ? ಮನೇಲಿ ಮುದ್ದೆ ಬದ್ಲು ಕವಡೆ ಬೇಯ್ಸಿ ಇಕ್ಲಾ?"

ಗಿರಣಿ ನಿಲ್ಲಲಿಲ್ಲ. ಮೇಲೆ ಹತ್ತಿ ಬರುವಷ್ಟರಲ್ಲಿ ಗೆಳೆಯನಿಗೆ ಎಲ್ಲ ಕೇಳಿಸಿತ್ತು. ಅವನಿಗೆ ನಗು ಬರಲಿಲ್ಲ, ಸಿಟ್ಟು ಬಂತು.

"ಮನೆ ಬಾಡ್ಗೆ ಕೊಟ್ಟೋರ ತಾವ ಹೋಗಿ ಗಿರಣಿ ನಿಲ್ಸಿ ಅಂತೀಯಲ್ಲ, ಬುದ್ಧಿ ಅದಾ? ನಿನ್ ಎಮ್ಮೆಸ್ಸೀನ ತಕ್ಕಂಡೋಗಿ ಅದೇ ಗಿರಣಿಗೆ ಸುರಿ. ಇಟ್ಟಾದ್ರೂ ಆಯ್ತದೆ."

ನಾನೂ ಏನೋ ಅಂದೆ. ಭಾವನ ದುಡ್ಡಿನಲ್ಲಿ ಕ್ಲಾಸು ಇಟ್ಟವನು ಎಂಬಂಥದ್ದೇನೋ. ನನ್ನ ನೆನಪಿನಲ್ಲಿ ಅದು ಸಣ್ಣ ಮಾತು. ಅವನ ನೆನಪಿನಲ್ಲಿ ಅಲ್ಲವಂತೆ. ಅಲ್ಲಿಗೆ ಮಾತು ನಿಂತಿತು.

ಮಾತು ನಿಂತರೂ ಕೆಲಸ ನಿಲ್ಲಿಸುವಂತಿರಲಿಲ್ಲ. ಪೆಟ್ಟಿಗೆ ಹೋದರೆ ಅವನ ಕ್ಲಾಸಿನ ಅರ್ಧ ಹೋಗುತ್ತಿತ್ತು. ನನಗೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇಲ್ಲವಾಗುತ್ತಿತ್ತು. ಹೀಗಾಗಿ ಮರುದಿನವೂ ಬಸ್ಸು ಹತ್ತಿದೆ. ಅವನು ತಲೆ ಎತ್ತಲಿಲ್ಲ. ಇನ್ನೊಂದು ಕುರ್ಚಿಯನ್ನು ಮಾತ್ರ ಕಾಲಿನಿಂದ ನನ್ನ ಕಡೆ ತಳ್ಳಿದ. ಬಿಸಿಲು ಇಳಿಯುವ ಹೊತ್ತು. ಗಿರಣಿ ನಿಂತಿತ್ತು, ಕೆಳಗೆ ಯಾರೋ ಕಸಬರಿಕೆಯಲ್ಲಿ ಹಿಟ್ಟಿನ ದೂಳು ಗುಡಿಸುವ ಸದ್ದು ಕೂಡ ಮೇಲಕ್ಕೆ ಕೇಳುತ್ತಿತ್ತು. ಬೆನ್ನಿಗೆ ಬೆನ್ನು ಕೂತು ಒಂದೂ ಮಾತಿಲ್ಲದೆ ಆಡತೊಡಗಿದೆವು.

ಅವನ ಕಾಯಿ ನನ್ನ ಪರದೆಯಲ್ಲಿ ಸರಸರನೆ ಓಡಿತು. ಹಳದಿ ಚೌಕ ಹೊತ್ತಿಕೊಂಡಿತು. ಕೀಲಿ ಒತ್ತಿದೆ. ಬೆನ್ನ ಹಿಂದೆ ಅವನೂ ಒತ್ತಿದ ಸದ್ದು ಕೇಳಿತು. ನನ್ನ ಕಾಯಿ ಹೋಗಿ ಅವನ ಕಾಯಿ ಇದ್ದ ಮನೆಯಲ್ಲಿ ಕೂತಿತು. ನಾನು ಹಿಂದಕ್ಕೆ ತಿರುಗಿ ಅವನ ಪರದೆ ನೋಡಿದೆ. ಅಲ್ಲಿ ಆ ಮನೆಯಲ್ಲಿ ನನ್ನ ಕಾಯಿ ಒಂಟಿಯಾಗಿ ಕೂತಿತ್ತು, ಅವನ ಕಾಯಿ ಸಾಯದೆ ಎರಡು ಮನೆ ಮುಂದೆ ಇತ್ತು. ಅವನೂ ತಿರುಗಿದ್ದ. ಇಬ್ಬರೂ ಒಟ್ಟಿಗೇ ಕಿಟಕಿಯ ಕಡೆ ನೋಡಿದೆವು. ಗಿರಣಿ ನಿಂತೇ ಇತ್ತು.

ಇಲ್ಲಿಂದ ಮುಂದೆ ನನ್ನ ನೆನಪೂ ಅವನ ನೆನಪೂ ಕೂಡುವುದಿಲ್ಲ. ಮೊದಲು ಬಾಯಿ ಬಿಟ್ಟವನು ಅವನು ಎಂದು ನನ್ನ ನೆನಪು: "ಬಾರ ಬಿದ್ದಿತ್ತು ಕಣ್ಲಾ ನಂಗೆ. ನೀನ್ಯಾಕ್ಲಾ ಒತ್ತುದೆ?" ಎಂದ. "ನೀನು ಕೂಗಲೇ ಇಲ್ಲವಲ್ಲೋ," ಎಂದೆ ನಾನು. ಅವನ ಪ್ರಕಾರ ಮೊದಲು ಮಾತಾಡಿದ್ದು ನಾನೇ. 'ಯಾಕೋ ಕೂಗಲಿಲ್ಲ' ಎಂದು ಜಗಳಕ್ಕೇ ಬಂದೆನಂತೆ. ಈಚೆಗೆ ಸಿಕ್ಕಾಗಲೂ ಇದನ್ನೇ ಎತ್ತಿದ. ಇಬ್ಬರ ಬಳಿಯೂ ಪುರಾವೆಯಿಲ್ಲ. ಹಾಗಾಗಿ ಇಬ್ಬರೂ ಸೋಲಲಿಲ್ಲ.

ಯಾರು ಮೊದಲು ಅಂದಿದ್ದರೂ ಆ ಮಾತಿನಲ್ಲಿ ಎಲ್ಲವೂ ಇತ್ತು. ಚೌಕವೋ ಬಾರವೋ ಬಿದ್ದವನಿಗೆ ಅವನ ಪೆಟ್ಟಿಗೆ ಇನ್ನೊಂದು ಸರದಿ ಕೊಡುತ್ತಿತ್ತು, ಸರಿಯೇ. ಈಚೆಯ ಪೆಟ್ಟಿಗೆ ಮಾತ್ರ, ಅವನ ಕಾಯಿ ಜರುಗಿದ್ದೇ ತಡ, ಇನ್ನು ಸರದಿ ನನ್ನದು ಎಂದುಕೊಂಡು ಹಳದಿ ಚೌಕ ಹೊತ್ತಿಸುತ್ತಿತ್ತು. ಇಬ್ಬರಿಗೂ ಒಟ್ಟಿಗೆ ಸರದಿ. ಈ ತಪ್ಪು ಮೊದಲ ದಿನದಿಂದಲೂ ಇತ್ತು. ಸಂಜೆ ಹೊತ್ತು ಬಿದ್ದವನು 'ಚೌಕ!' ಎಂದೋ 'ಬಾರ!' ಎಂದೋ ಕೂಗುತ್ತಿದ್ದ, ಇನ್ನೊಬ್ಬನ ಕೈ ತಾನಾಗಿ ಕೀಲಿಯಿಂದ ಹಿಂದೆ ಸರಿಯುತ್ತಿತ್ತು. ಹಳದಿ ಚೌಕವನ್ನು ಯಾರು ನೋಡುತ್ತಾರೆ? ಬೆಳಿಗ್ಗೆ ಗಿರಣಿಯ ಸದ್ದಿಗೆ ಕೂಗು ಕೇಳುತ್ತಿರಲಿಲ್ಲ. ಆಗ ಹಳದಿ ಚೌಕವನ್ನೇ ನಂಬಿ ಒತ್ತುತ್ತಿದ್ದೆವು. ಮೋಟಾರು ತಂತಿಯೊಳಗೆ ಏನನ್ನೂ ತುಂಬಿರಲಿಲ್ಲ, ನಮ್ಮ ಕಿವಿಗಳನ್ನಷ್ಟೇ ತುಂಬಿತ್ತು. ಚೌಕಾಬಾರ ಗೊತ್ತೇ ಇಲ್ಲದ ಇಬ್ಬರನ್ನು ಕೂರಿಸಿದ್ದರೆ ಮೊದಲ ಸಂಜೆಯೇ ತಪ್ಪು ಸಿಕ್ಕುತ್ತಿತ್ತು.

ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕವಡೆ ಎಷ್ಟು ಬಿತ್ತೆಂಬುದನ್ನೂ ತಂತಿಯಲ್ಲಿ ಕಳಿಸಿದೆವು. 'ಇನ್ನು ಆಟ ನಿನ್ನದು' ಎಂಬ ಸುದ್ದಿ ಬರುವ ತನಕ ಈಚೆಯ ಕೀಲಿ ಕೆಲಸ ಮಾಡದಂತೆ ಮಾಡಿದೆವು. ಹೊತ್ತು ಹಿಡಿದದ್ದು ಪರೀಕ್ಷೆ. ಒಂದೇ ಕೊಠಡಿಯಲ್ಲಿ ಕೂತು ಆಡಿದ್ದನ್ನು ನಂಬುವುದಿಲ್ಲವೆಂದು ನಾನು ಹಟ ಹಿಡಿದೆ. ಈ ಸಲ ಗೆಳೆಯನೂ ಒಪ್ಪಿದ. ಒಂದು ಪೆಟ್ಟಿಗೆಯನ್ನು ಹಿಂದಿನ ಸಾಮಾನು ಕೋಣೆಗೆ ಹೊತ್ತೆವು, ಬಾಗಿಲು ಮುಚ್ಚಿದೆವು, ಉದ್ದನೆಯ ತಂತಿ ಎಳೆದೆವು. ಬಾಯಿ ಬಿಟ್ಟವನದು ಒಂದು ಕಾಯಿ ಸತ್ತಂತೆ ಎಂದು ಕಾಯಿದೆ ಮಾಡಿಕೊಂಡೆವು. ಗೆಳೆಯ ಬಾಯಿಗೆ ಟವೆಲ್ಲು ಕಟ್ಟಿಕೊಂಡೇ ಆಡುತ್ತಿದ್ದ; ಇಲ್ಲದಿದ್ದರೆ ಬಾರ ತಾನಾಗಿ ಆಚೆ ಬರುತ್ತಿತ್ತು. ಫೋನ್ ತಂತಿ ನಿಧಾನವಲ್ಲವೇ, ಅದಕ್ಕೆ ಪ್ರತಿ ಸುದ್ದಿಯನ್ನೂ ಪೆಟ್ಟಿಗೆ ಸ್ವಲ್ಪ ಹೊತ್ತು ಬೇಕಂತಲೇ ಹಿಡಿದಿಟ್ಟುಕೊಂಡು ಆಮೇಲೆ ಕೊಡುವಂತೆ ಬರೆದೆವು. ನನ್ನ ಕಾಯಿ ಓಡುತ್ತಿರುವಾಗಲೇ ಅವನು ಹಿಂದಿನಿಂದ ತಂತಿ ಕಿತ್ತುಬಿಡುತ್ತಿದ್ದ. ಮತ್ತೆ ಸಿಕ್ಕಿಸಿದಾಗ ಎರಡು ಪರದೆಗಳೂ ಒಂದೇ ಆಗಿರಬೇಕು. ಮೊದಮೊದಲು ಆಗಿರಲಿಲ್ಲ. ತಿದ್ದಿದೆವು, ಕಿತ್ತೆವು, ಮತ್ತೆ ತಿದ್ದಿದೆವು. ಗಿರಣಿ ಓಡುವಾಗಲೇ ಆಡಿದೆವು. ಸಾಲಿನಲ್ಲಿ ನಿಂತ ಹೆಂಗಸರು ಮೆಟ್ಟಿಲ ಕಡೆ ತಲೆ ಎತ್ತಿ "ಏನ್ರಪ್ಪಾ, ಪಾಸಾಯ್ತಾ ನಿಮ್ ಪೆಟ್ಗೆ?" ಎಂದು ಕೇಳುವರು.

ಹಬ್ಬದ ದಿನ ಭಾವ ಮಾತಿನಂತೆ ಬಂದರು. ಟೆಂಪೋದವನಿಗೆ ಹೇಳಿಟ್ಟೂ ಬಂದಿದ್ದರು. ಅಕ್ಕ ಬಾಗಿನದ ಸೀರೆಯಲ್ಲೇ ಸಾಮಾನು ಕೋಣೆಯಲ್ಲಿ ಕೂತರು. ಭಾವ ಮುಂದಿನ ಕೊಠಡಿಯಲ್ಲಿ. ಯಾವ ಕೀಲಿ ಒತ್ತಬೇಕೆಂದು ಇಬ್ಬರಿಗೂ ತೋರಿಸಿ ನಾವು ಗೋಡೆಗೆ ಒರಗಿ ನಿಂತೆವು.

ಭಾವನಿಗೆ ಬೇಗನೆ ಬಾರ ಬಿತ್ತು. "ಬಾರ!" ಎಂದು ಕೂಗಿ ತೊಡೆ ತಟ್ಟಿದರು. ಆಮೇಲೆ ನಂಬಿಕೆ ಬಾರದೆ ಎದ್ದು ಹೋಗಿ ಸಾಮಾನು ಕೋಣೆಯ ಬಾಗಿಲು ತೆರೆದರು.

"ನಂಗೆ ಬಾರ ಬಿತ್ತು, ಗೊತ್ತಾಯ್ತಾ?"

"ಇಲ್ಲಿ ಕಾಣ್ತಾ ಅದೆ," ಎಂದರು ಅಕ್ಕ ಪರದೆಯಿಂದ ಕಣ್ಣು ತೆಗೆಯದೆ. "ನೀವ್ ಎದ್ದೆದ್ದು ಬಂದು ನನ್ ಕಾಯಿ ಎಲ್ಲವೆ ಅಂತ ನೋಡ್ಬ್ಯಾಡಿ. ಹೋಗಿ ಕೂತ್ಕಳಿ."

ಆಟ ಮುಗಿಯುವವರೆಗೂ ನಾನು ಒಂದು ಪರದೆಯಿಂದ ಇನ್ನೊಂದಕ್ಕೆ ನಡೆಯುತ್ತಲೇ ಇದ್ದೆ. ಪ್ರತಿ ಸಲವೂ ಅದೇ ಮಣೆ, ಅದೇ ಕಾಯಿಗಳು. ಅಕ್ಕ ಗೆದ್ದರು. ಭಾವ ಇನ್ನೊಂದಾಟ ಎಂದರು, ಅದರಲ್ಲೂ ಸೋತರು.

"ಮಾತು ಅಂದ್ರೆ ಮಾತು. ಪೆಟ್ಗೆ ನಿಂದೇ ಕಣ್ಲಾ," ಎಂದು ಗೆಳೆಯನಿಗೆ ಹೇಳಿ, ಟೆಂಪೋದವನಿಗೆ ಬೇಡವೆಂದು ಹೇಳಲು ಕೆಳಗಿಳಿದರು.

ಗೆಲುವಿನ ಖುಷಿ ನನಗೆ ಎರಡು ದಿನವೂ ಬಾಳಲಿಲ್ಲ. ಸಾಮಾನು ಕೋಣೆ ನಾಗಮಂಗಲವಲ್ಲ. ತಡವನ್ನು ನಾವೇ ಬರೆದದ್ದು, ತಂತಿಯನ್ನು ನಾವೇ ಕಿತ್ತದ್ದು. ನಮಗೆ ತೋಚದ ಇನ್ನೇನೋ ಆ ಫೋನ್ ತಂತಿಯಲ್ಲಿ ಇರಬಹುದು. ಬಾರ ಕೂಗುವ ಅಭ್ಯಾಸ ನಮಗೆ ಕಾಣದೆ ಇದ್ದ ಹಾಗೆ. ಗೆಳೆಯನಿಗೆ ಇದನ್ನು ಹೇಳಲು ಹಿಂಜರಿದೆ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಪೆಟ್ಟಿಗೆ. ಅವನೇ ಹೇಳಿದ: "ಏಳ್ಲಾ ಎಮ್ಮೆಸ್ಸಿ. ಇದನ್ನ ಬಾವನ ಬೂತಿಗೆ ಹೊತ್ಕಂಡೋಗವ. ಇಲ್ಲೇ ಇಕ್ಕಂಡು ಎಷ್ಟ್ ದಿನ ಗೋಡೆ ಜೊತೆ ಆಡವ?"

ಕೆ.ಆರ್. ಪೇಟೆಯಲ್ಲಿ ಪರಿಚಯದವರೊಬ್ಬರ ಬಳಿ ಹಳೆಯ ಮೋಡೆಮ್‌ಗಳು, ಅಂದರೆ ಕಂಪ್ಯೂಟರನ್ನು ಫೋನ್ ತಂತಿಗೆ ಸೇರಿಸುವ ಡಬ್ಬಿಗಳು, ಎರಡು ಇದ್ದವು. ಕೇಳಿ ತಂದೆವು. ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ ಅವನು ತೊಡೆಯ ಮೇಲಿಟ್ಟುಕೊಂಡು ನಾಗಮಂಗಲದ ಬಸ್ಸಿನಲ್ಲಿ ಕೂತ. ಪರದೆಯ ಭಾಗವನ್ನು ಹತ್ತಿಸಿಕೊಟ್ಟು ಪಾಂಡವಪುರದಲ್ಲೇ ಉಳಿದವನು ನಾನು. ಕಂಡಕ್ಟರು "ಏನ್ಲಾ, ಹಬ್ಬಕ್ಕೆ ಅತ್ತೆ ಮನೆಯಿಂದ ಟೀವಿ ಹೊಡ್ಕಂಡ್ಯಾ?" ಎಂದು ರೇಗಿಸಿದ್ದು ನೆನಪಿದೆ. ಅಥವಾ ಗೆಳೆಯ ಆಮೇಲೆ ಹೇಳಿ ನನ್ನ ನೆನಪಾಯಿತೋ.

ಗಿರಣಿಯವರ ಫೋನಿನಿಂದ ಕಿಟಕಿಯ ಮೂಲಕ ಮೇಲಕ್ಕೆ ತಂತಿ ಎಳೆಯಲು ಗಿರಣಿಯವರು ಒಪ್ಪಿದ್ದರು. ಮರುದಿನ ಬೆಳಿಗ್ಗೆ ಫೋನು ಬಂತು, ಗೆಳೆಯನೇ.

"ಎಲ್ಲ ಜೋಡುಸಿವ್ನಿ. ಬಾವ ಪಕ್ಕದಲ್ಲೇ ಅವ್ರೆ, ಕೈ ಕಡೀತಾ ಅದಂತೆ. ಈಗ ಇಡ್ತೀನಿ. ಇನ್ನೊಂದ್ ಸಲ ರಿಂಗಾದ್ರೆ ನೀನು ಎತ್ಬ್ಯಾಡ, ಪೆಟ್ಗೆ ಎತ್ಲಿ. ಆಮೇಲೆ ಮಾತಾಡಾಕಾಗಕಿಲ್ಲ, ತಿಳೀತಾ?"

ರಿಂಗಾಯಿತು. ಮೋಡೆಮ್ ಕಿರುಚಿತು, ಉಸಿರೆಳೆಯಿತು, ಸುಮ್ಮನಾಯಿತು. ಮಣೆ ಮೂಡಿತು. ಎರಡು ಕಾಯಿ ಜರುಗುವಷ್ಟರಲ್ಲಿ ತಂತಿ ಕಡಿಯಿತು. ಮತ್ತೆ ರಿಂಗು, ಮತ್ತೆ ಕಿರುಚಾಟ; ಪರದೆಗೆ ಅದೇ ಮಣೆ, ಕಾಯಿಗಳು ಬಿಟ್ಟಲ್ಲೇ ಬಂದು ಕೂತವು. ಕೆಳಗೆ ತ್ರೀಫೇಸ್ ಬಂದು ಗಿರಣಿ ಹೊರಟಿತು, ಮೇಜು ನಡುಗತೊಡಗಿತು. ನನ್ನ ಪರದೆಯಲ್ಲಿ ಭಾವನ ನಾಲ್ಕೂ ಕವಡೆ ಕವುಚಿ ಬಿದ್ದವು: ಬಾರ. ಭಾವ ಅಲ್ಲಿ ಕೂಗಿರಲೇಬೇಕು. ಇಲ್ಲಿಗೆ ಅದು ಕೇಳುವ ದಾರಿಯೇ ಇರಲಿಲ್ಲ. ಅವರ ಕಾಯಿ ಎಂಟು ಮನೆ ನಡೆಯಿತು. ಮೂಲೆಯ ಹಳದಿ ಚೌಕ ಹೊತ್ತಲಿಲ್ಲ. ಆದರೂ ಪರೀಕ್ಷೆ ಪರೀಕ್ಷೆಯೇ ಎಂದು ಸ್ಪೇಸ್ ಕೀಲಿ ಒತ್ತಿ ನೋಡಿದೆ, ಮತ್ತೆ ಮತ್ತೆ ಒತ್ತಿದೆ. ಏನೂ ಆಗಲಿಲ್ಲ.

ಆಗ ತಂತಿ ಮತ್ತೆ ಕಡಿಯಿತು. ಕೂಡಲೇ ಫೋನು ಹೊಡೆದುಕೊಳ್ಳತೊಡಗಿತು. ಕೆಳಗಿನಿಂದ ಯಾರೋ "ಫೋನು, ಫೋನು" ಎಂದು ಗಿರಣಿಯ ಸದ್ದನ್ನೂ ಮೀರಿ ಕೂಗುತ್ತಿದ್ದರು. ನಾನು ಕೈ ಕಟ್ಟಿ ಕೂತೆ. ಪೆಟ್ಟಿಗೆ ಎತ್ತಿಕೊಂಡಿತು.